ಉದ್ದೇಶ: ಮಾತಾಡಿಸಲು

ನಮ್ಮ ಯಜಮಾನರು ಮೂವತ್ತು ವರ್ಷ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತು ವಿದ್ಯಾರ್ಥಿಗಳಿಗೆ ಬಸ್ ಪಾಸ್ ಬರೆದುಕೊಟ್ಟವರು. ಕಿಟಕಿಯ ಆ ಕಡೆಯಿಂದ ಈ ಕಡೆಯವರನ್ನು ನೋಡಿ ನೋಡಿ, ಜಗತ್ತಿನಲ್ಲಿ ಇರುವುದು ಎರಡೇ ಜಾತಿ ಎಂದು ತೀರ್ಮಾನ ಮಾಡಿಬಿಟ್ಟಿದ್ದರು: ಪಾಸ್ ಕೊಡುವವರು, ಪಾಸ್ ಕೇಳುವವರು. ಫೋಟೋ ಸೊಟ್ಟ ಅಂಟಿಸಿದ್ದರೆ, ಶಾಲೆಯ ಸೀಲು ಫೋಟೋದ ಮೇಲೆ ಅರ್ಧ ಬಿದ್ದಿರದಿದ್ದರೆ, ನುಗ್ಗೇಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಹುಡುಗಿಯಾದರೂ ಸರಿ, ವಾಪಸ್ ಹೋಗಬೇಕು. ಸಂಜೆ ಹಾಸನದ ಮನೆಗೆ ಬಂದು ಇದನ್ನು ಹೇಳಿಕೊಳ್ಳುವಾಗ ಅವರ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ಸೊಟ್ಟ ಫೋಟೋದ ಮಕ್ಕಳೆಲ್ಲ ನನ್ನ ಕಡೆಯವರು. ಇಬ್ಬರೂ ನಿವೃತ್ತರಾದರೂ ಈ ವಾದ ಮಾತ್ರ ನಿವೃತ್ತಿ ಆಗಲಿಲ್ಲ.

ಇಂಥ ಮನುಷ್ಯ ಅರವತ್ತು ದಾಟಿದ ಮೇಲೆ ತಾನೇ ಒಂದು ಪಾಸಿಗೆ ಅರ್ಜಿ ಹಾಕಬೇಕಾಗಿ ಬಂತು. ಅದೂ ಬಸ್ಸಿಗಲ್ಲ, ಬರೀ ರಸ್ತೆಗೆ.

ನನ್ನ ತಂಗಿಯ ಮಗಳು ನರ್ಸ್. ಆಸ್ಟ್ರೇಲಿಯಾದ ನಡುಮಧ್ಯೆ, ಮರುಭೂಮಿಯಲ್ಲಿ, ಅಲ್ಲಿಯ ಮೂಲನಿವಾಸಿಗಳ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. ಜುಲೈ ತಿಂಗಳಲ್ಲಿ ಅಲ್ಲಿ ಸೆಕೆ ಇರುವುದಿಲ್ಲ, ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಬಂದು ಹೋಗಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ವೀಸಾ ಬಂತು, ಟಿಕೆಟ್ ಆಯಿತು. ಆಮೇಲೆ ಒಂದು ಭಾನುವಾರ ಫೋನಿನಲ್ಲಿ ನಿಧಾನಕ್ಕೆ ಇನ್ನೊಂದು ವಿಷಯ ಹೇಳಿದಳು. ವಿಮಾನ ಇಳಿಯುವ ಪಟ್ಟಣದಿಂದ ಅವಳ ಊರಿಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಆ ದಾರಿ ಹಾಯುವುದು ಆ ಜನರ ಸ್ವಂತ ನೆಲದ ಮೇಲೆ. ಹಾಗಾಗಿ ಅವರ ಕಚೇರಿಗೆ ಅರ್ಜಿ ಹಾಕಿ, ಒಪ್ಪಿಗೆಯ ಕಾಗದ ಬಂದ ಮೇಲೆಯೇ ಹೊರಡಬೇಕು.

"ಸರ್ಕಾರ ವೀಸಾ ಕೊಟ್ ಮೇಲೆ ಇದ್ಯಾವ್ದಿದು?" ಎಂದರು ನಮ್ಮವರು. ರಸ್ತೆ ಅಂದ ಮೇಲೆ ಅದು ಸರ್ಕಾರದ್ದು, ಅದರಲ್ಲಿ ಓಡಾಡಲು ಯಾರ ಅಪ್ಪಣೆಯೂ ಬೇಡ ಎಂಬುದು ಅವರ ನಿಲುವು. ಈ ನಿಲುವಿಗೆ ಆಗ ಒಂದು ವಿಶೇಷ ಕಾರಣವಿತ್ತು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಯಲ್ಲಿ ನಮ್ಮವರ ಪಿತ್ರಾರ್ಜಿತ ಹೊಲ ಇದೆ. ಹಾಸನದಲ್ಲಿದ್ದುಕೊಂಡೇ ಭಾನುವಾರ ಭಾನುವಾರ ಹೋಗಿ ಬೇಸಾಯ ಮಾಡಿಸುತ್ತೇವೆ. ಹೊಲಕ್ಕೂ ಟಾರು ರಸ್ತೆಗೂ ನಡುವೆ ಅವರ ದೊಡ್ಡಪ್ಪನ ಮಗನ ತೆಂಗಿನ ತೋಟ. ತೋಟದ ಮನೆಯ ಜಗಲಿಯ ಮುಂದೆಯೇ ನಮ್ಮ ಬಂಡಿದಾರಿ, ಹೆಚ್ಚೆಂದರೆ ಇನ್ನೂರು ಹೆಜ್ಜೆ. ನಮ್ಮವರು ಅವರನ್ನು ಅಣ್ಣ ಎನ್ನುತ್ತಾರೆ, ನಾನು ಭಾವ ಎನ್ನುತ್ತೇನೆ. ನಮ್ಮ ಕಡೆ ದಾರಿಯಲ್ಲಿ ಎರಡು ಬಗೆ. ಗ್ರಾಮದ ನಕ್ಷೆಯಲ್ಲಿ ಗೆರೆ ಇದ್ದರೆ ಅದು ನಕಾಶೆ ದಾರಿ, ಅದನ್ನು ಯಾರೂ ಮುಚ್ಚುವಂತಿಲ್ಲ. ಗೆರೆ ಇಲ್ಲದೆ ಬರೀ ಓಡಾಡಿ ಓಡಾಡಿ ಆದದ್ದು ರೂಢಿ ದಾರಿ, ಅದು ನಡೆಯುವುದು ಮುಖ ಮುಖ ನೋಡಿಕೊಂಡು. ನಮ್ಮದು ಎರಡನೆಯದು.

ನಾವು ಹೊರಡುವ ಹಿಂದಿನ ವರ್ಷ, ಮುಸುಕಿನ ಜೋಳ ಸಾಗಿಸಿದ ಮೇಲೆ, ಭಾವ ಆ ದಾರಿಗೆ ಅಡ್ಡಲಾಗಿ ಒಂದು ಬಿದಿರು ಗಳ ಕಟ್ಟಿ, ಅದರ ಬುಡಕ್ಕೆ ಜಾಲಿ ಮುಳ್ಳು ಎಳೆದುಬಿಟ್ಟರು. ಜಗಳ ಇಲ್ಲ, ಮಾತಿಲ್ಲ. ನಾವು ಹೋದಾಗ ಕೋಲು ಊರಿಕೊಂಡು ತೆಂಗಿನ ಮರದ ಕೆಳಗೆ ನಿಂತಿದ್ದರು, ನಮ್ಮ ಕಾರು ನೋಡಿ ಒಳಗೆ ಹೋದರು. ನಮ್ಮವರು ಕೆಳಗಿಳಿದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮಪ್ಪ, ನಮ್ಮಪ್ಪನಪ್ಪ ಓಡಾಡಿದ ದಾರಿ, ಇದಕ್ಕೆ ಇವನನ್ನೇನು ಕೇಳುವುದು ಎಂದು ಕಾರು ತಿರುಗಿಸಿದರು. ಅದೇ ಸಿಟ್ಟಿನಲ್ಲಿ ತಾಲ್ಲೂಕು ಕಚೇರಿಯಿಂದ ನಕ್ಷೆಯ ನಕಲು ತೆಗೆಸಿ, ಭೂತಕನ್ನಡಿ ಹಿಡಿದು ಮೂರು ದಿನ ಗೆರೆ ಹುಡುಕಿದರು. ಮೂರನೆಯ ದಿನ ಒಂದು ಗೆರೆ ಸಿಕ್ಕಿತು. ನಾನು ಉಗುರಿನಲ್ಲಿ ಕೆರೆದು ನೋಡಿದೆ, ಅದು ಕಾಗದದ ಮಡಿಕೆ.

ನಾವು ಹೊರಡುವ ವರ್ಷದ ಏಪ್ರಿಲ್‌ನಲ್ಲಿ ಹೊಲಕ್ಕೆ ಶುಂಠಿ ಹಾಕಿಸಿದರು. ಬಿತ್ತನೆ ಶುಂಠಿಯನ್ನು ಆಳುಗಳು ಕಾಲುವೆ ಏರಿಯ ಮೇಲೆ ಸುತ್ತಿ ಬಳಸಿ ತಲೆಯ ಮೇಲೆ ಹೊತ್ತುಕೊಂಡು ಹೋದರು. ಬಿತ್ತನೆಯನ್ನು ಹೊರಬಹುದು. ಬೆಳೆ ಬಂದ ಮೇಲೆ ಮೂಟೆಗಳು ಟ್ರ್ಯಾಕ್ಟರಿನಲ್ಲೇ ಬರಬೇಕು, ಟ್ರ್ಯಾಕ್ಟರು ಅಣ್ಣನ ಜಗಲಿಯ ಮುಂದೆಯೇ ಬರಬೇಕು. ಜನವರಿಗೆ ಮೊದಲು ದಾರಿ ಬಿಡಿಸಿಕೊಳ್ಳದಿದ್ದರೆ ಶುಂಠಿ ಮಣ್ಣಿನಲ್ಲೇ ಕೊಳೆಯುತ್ತದೆ. ಇದು ಗೊತ್ತಿದ್ದೂ ನಮ್ಮವರು ಅಣ್ಣನ ಹತ್ತಿರ ಹೋಗಲೊಲ್ಲರು.

ಹೀಗೆ ದೊಡ್ಡಪ್ಪನ ಮಗನನ್ನೇ ದಾರಿ ಕೇಳದ ಮನುಷ್ಯ, ಕಂಡು ಕೇಳರಿಯದ ಜನರಿಗೆ ದಾರಿಯ ಅರ್ಜಿ ಬರೆಯಲು ಒಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತರು. ನಾನು ಕಾಫಿ ಹಿಡಿದುಕೊಂಡು ಹಿಂದೆ ಕುರ್ಚಿ ಹಾಕಿಕೊಂಡೆ. ಇಂಥ ದೃಶ್ಯ ದಿನಾ ಸಿಗುವುದಿಲ್ಲ.

ಹೆಸರು, ವಿಳಾಸ, ಯಾವ ದಿನ, ಯಾವ ದಾರಿ, ಕಾರಿನ ನಂಬರು, ಎಲ್ಲವನ್ನೂ ಚೊಕ್ಕವಾಗಿ ತುಂಬಿದರು. ಫೋಟೋ ಅಂಟಿಸುವ ಜಾಗವೇ ಇಲ್ಲವಲ್ಲ ಎಂದು ಎರಡು ಸಲ ಹುಡುಕಿದರು. ಕೊನೆಗೆ ಒಂದು ಕಾಲಂ: ಬರುವ ಉದ್ದೇಶ. ತಂಗಿಯ ಮಗಳಿಗೆ ಫೋನ್ ಮಾಡಿ ಏನು ಬರೆಯಬೇಕೆಂದು ಕೇಳಿ ಎಂದೆ. ಮೂವತ್ತು ವರ್ಷ ಬೇರೆಯವರ ಅರ್ಜಿ ತಿದ್ದಿದವರು ತಮ್ಮದನ್ನು ಕೇಳಿ ಬರೆಯುತ್ತಾರೆಯೇ? ಸ್ವಲ್ಪ ಯೋಚಿಸಿ, ನಮ್ಮ ಊರುಗಳಲ್ಲಿ ಯಾರ ಮನೆಗಾದರೂ ಹೊರಟಾಗ ಹೇಳುವುದನ್ನೇ ಇಂಗ್ಲಿಷಿನಲ್ಲಿ ಇಳಿಸಿದರು. ಮಗಳನ್ನೂ ಅಲ್ಲಿಯ ನಾಲ್ಕು ಜನರನ್ನೂ ಮಾತಾಡಿಸಿಕೊಂಡು ಬರಲು. ಅಲ್ಲಿಯ ನಾಲ್ಕು ಜನ ಯಾರು ಎಂದು ಕೇಳಿದೆ. ಅಷ್ಟು ದೂರ ಹೋಗಿ ಬರೀ ನಮ್ಮವರನ್ನೇ ಮಾತಾಡಿಸಿ ಬಂದರೆ ಏನು ಚೆಂದ ಎಂದರು. ಅರ್ಜಿ ಹೋಯಿತು.

ಐದು ದಿನಕ್ಕೆ ಉತ್ತರ ಬಂತು. ಪರ್ಮಿಟ್ಟಲ್ಲ, ಪ್ರಶ್ನೆಗಳು. ತಾವು ನಮ್ಮ ಜನರೊಂದಿಗೆ ಮಾತಾಡಲು ಬರುತ್ತಿರುವುದಾಗಿ ತಿಳಿಸಿದ್ದೀರಿ. ಯಾರ ಜೊತೆ, ಯಾವ ವಿಷಯದ ಬಗ್ಗೆ ಮಾತಾಡುತ್ತೀರಿ? ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತೀರಾ? ಎಲ್ಲಾದರೂ ಪ್ರಕಟಿಸುತ್ತೀರಾ? ಪತ್ರಿಕೆಗೋ ಸಂಶೋಧನೆಗೋ ಆದರೆ ಅದಕ್ಕೆ ಬೇರೆ ಅರ್ಜಿ ಇದೆ, ಊರಿನ ಹಿರಿಯರು ಕೂತು ಒಪ್ಪಬೇಕು.

ನಮ್ಮವರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಫೋಟೋ ಸೊಟ್ಟ ಇದ್ದು ವಾಪಸ್ ಹೋಗುತ್ತಿದ್ದ ಮಕ್ಕಳ ಮುಖ ಹೇಗಿರುತ್ತಿತ್ತು ಎಂಬುದನ್ನು ನಾನು ಅಂದು ಮೊದಲ ಸಲ ಹತ್ತಿರದಿಂದ ನೋಡಿದೆ. ಅತ್ತ ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ದೊಡ್ಡಪ್ಪ ಯಾವ ಪೇಪರ್ರು ಎಂದು ಕೇಳಿದಳು.

"ನಾನೇನ್ ವರದಿಗಾರ್‌ನಾ? ಸುಮ್ನೆ ಮಾತಾಡ್ಸದು ಅಂದ್ರೆ ಇವ್ರಿಗೆ ಗೊತ್ತಾಗಾಕಿಲ್ವಾ?" ಎಂದರು ನನ್ನ ಕಡೆ ತಿರುಗಿ.

ಗೊತ್ತಾಗುವಂತೆ ಬರೆಯುವ ಕೆಲಸ ಕನ್ನಡ ಮೇಷ್ಟರಮ್ಮನ ತಲೆಗೆ ಬಂತು. ಅಷ್ಟು ವರ್ಷ ವ್ಯಾಕರಣ ಕಲಿಸಿದ್ದರೂ ಈ ಒಂದು ಕ್ರಿಯಾಪದದ ಎದುರು ನಾನು ಒಂದು ಇಡೀ ಸಂಜೆ ಕೂತೆ. ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ. ಬಾಣಂತಿಯನ್ನು ಮಾತಾಡಿಸಿಕೊಂಡು ಬರುತ್ತೇವೆ, ಅಲ್ಲಿ ಮಾತೇ ಆಗದಿರಬಹುದು. ಮಲಗಿದವರನ್ನು ಮಾತಾಡಿಸಿಕೊಂಡು ಬರುತ್ತೇವೆ, ಅವರಿಗೆ ಮಾತು ನಿಂತೇ ಹೋಗಿರಬಹುದು. ಎದುರಿಗೆ ಹೋಗಿ ನಿಂತು, ನೀವಿದ್ದೀರಿ ಎಂಬುದು ನಮಗೆ ಗೊತ್ತು ಎಂದು ತೋರಿಸಿ ಬರುವುದು, ಅಷ್ಟೇ. ಇದನ್ನೆಲ್ಲ ನನಗೆ ಬರುವ ಇಂಗ್ಲಿಷಿನಲ್ಲಿ ಬರೆದು, ವಿಷಯ ಯಾವುದೂ ಇಲ್ಲ, ರೆಕಾರ್ಡ್ ಮಾಡುವುದಿಲ್ಲ ಎಂದು ಸೇರಿಸಿ ಕಳಿಸಿದೆ.

ಮರುದಿನವೇ ಪರ್ಮಿಟ್ ಬಂತು. ಜೊತೆಗೆ ಆ ಕಚೇರಿಯ ಹೆಂಗಸೊಬ್ಬರು ಒಂದೇ ಸಾಲು ಬರೆದಿದ್ದರು. ನಮ್ಮಲ್ಲೂ ಹಾಗೇ, ಬನ್ನಿ. ನಮ್ಮವರು ಅದನ್ನು ಪ್ರಿಂಟ್ ತೆಗೆಸಿ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರು.

ಅಲ್ಲಿಯ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಕೆಂಪು ಮಣ್ಣು, ಕುರುಚಲು ಗಿಡ, ಎದುರಿಗೆ ಗಂಟೆಗೊಂದು ವಾಹನ. ಇಲ್ಲಿಂದ ಮುಂದೆ ಆ ಜನರ ನೆಲ ಎಂದು ಒಂದು ಬೋರ್ಡು ಬಂತು. ಮಗಳು ಕಾರು ನಿಲ್ಲಿಸಿದಳು. ನಮ್ಮವರು ಲ್ಯಾಮಿನೇಟ್ ಮಾಡಿದ ಪರ್ಮಿಟ್ಟನ್ನು ಹೊರಗೆ ತೆಗೆದು, ಶರ್ಟಿನ ಗುಂಡಿ ಹಾಕಿಕೊಂಡು, ಕೆಳಗಿಳಿದು ನಿಂತರು. ಗೇಟಿಲ್ಲ, ಚೌಕಿಯಿಲ್ಲ, ನೋಡುವವರು ಯಾರೂ ಇಲ್ಲ. ಚೆಕಿಂಗೇ ಇಲ್ಲದ ಮೇಲೆ ಪಾಸ್ ಯಾಕೆ ಎಂದು ಅವರಿಗೆ ನಿಜವಾಗಿಯೂ ಬೇಸರವಾಯಿತು. ಉಳಿದ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು, ಯಾರಾದರೂ ಕೇಳಬಹುದೆಂದು.

ಮೂರನೆಯ ದಿನ ಆಸ್ಪತ್ರೆಯ ಮುಂದಿನ ಬೆಂಚಿನಲ್ಲಿ ಆ ಊರಿನ ಒಬ್ಬ ಅಜ್ಜಿ ಕೂತಿದ್ದರು. ಮಗಳು ನಮ್ಮನ್ನು ಪರಿಚಯ ಮಾಡಿಸಿದಳು. ಓ, ಮಾತಾಡಿಸಲು ಬಂದವರು ಇವರೇನಾ ಎಂದು ಅಜ್ಜಿ ನಕ್ಕರು. ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ನಮ್ಮವರು ಸಿಕ್ಕಿದ್ದೇ ಸಮಯವೆಂದು ಪರ್ಮಿಟ್ ತೋರಿಸಿದರು. ಅಜ್ಜಿ ಅದರ ಹೊಳಪನ್ನು ಮುಟ್ಟಿ ನೋಡಿದರು, ಓದಲಿಲ್ಲ. ಕಾಗದ ಕಚೇರಿಯವರಿಗೆ ಇರಲಿ, ನಮಗೆ ಬೇಕಿರುವುದು ದಾರಿಯಲ್ಲಿ ಯಾರು ಬರುತ್ತಿದ್ದಾರೆ ಎಂದು ಗೊತ್ತಿರುವುದು ಎಂದರು. ಕಾರು ಕೆಟ್ಟು ನಿಂತರೆ ಯಾರನ್ನು ಹುಡುಕಿಕೊಂಡು ಹೋಗಬೇಕು ಎಂದು ತಿಳಿದಿರಬೇಕಲ್ಲ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾವು ಮೂವರೂ ಒಂದು ಗಂಟೆ ಹೆಚ್ಚು ಮಾತಿಲ್ಲದೆ ಬಿಸಿಲು ಕಾಯಿಸಿಕೊಂಡು ಕೂತಿದ್ದೆವು. ಎದ್ದು ಬರುವಾಗ ನಮ್ಮವರು ಪರ್ಮಿಟ್ಟನ್ನು ಜೇಬಿನೊಳಗೆ ಇಟ್ಟುಕೊಂಡರು.

ಹಾಸನಕ್ಕೆ ಮರಳಿದ ಮೇಲೆ ಅದು ಜೇಬಿನಲ್ಲಿ ನಿಲ್ಲಲಿಲ್ಲ. ಪರ್ಮಿಟ್ಟು ಹಾಲಿನ ಬೂತಿಗೆ ಹೋಯಿತು, ಬೇಕರಿಗೆ ಹೋಯಿತು, ಚನ್ನರಾಯಪಟ್ಟಣದ ಹಳೇ ಸಹೋದ್ಯೋಗಿಗಳ ಕೈ ಕೈ ದಾಟಿ ಬಂತು. ಅಷ್ಟು ದೂರದ ಜನ ಇವರಿಗೆ ಒಪ್ಪಿಗೆ ಕೊಟ್ಟದ್ದು ಊರಿಗೆಲ್ಲ ಗೊತ್ತಾಯಿತು. ತೋರಿಸದೇ ಉಳಿದದ್ದು ಒಬ್ಬರಿಗೇ.

ಡಿಸೆಂಬರ್ ಕೊನೆಗೆ ಶುಂಠಿಯ ಎಲೆ ಹಳದಿ ತಿರುಗಿ ಒಣಗತೊಡಗಿತು. ಕೊಳ್ಳುವವರು ಬಂದು ನೋಡಿ, ಲಾರಿ ಟಾರು ರಸ್ತೆಯಲ್ಲಿ ನಿಲ್ಲಿಸುತ್ತೇವೆ, ಅಲ್ಲಿಗೆ ತಂದು ಹಾಕಿ ಎಂದು ಹೇಳಿ ಹೋದರು. ಬಿದಿರು ಗಳ ಇದ್ದಲ್ಲೇ ಇತ್ತು. ನಮ್ಮವರು ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿಕೊಂಡು ತಹಶೀಲ್ದಾರರಿಗೆ ಅರ್ಜಿ ಬರೆಯಲು ಶುರು ಮಾಡಿದರು. ಇಂದ, ಗೆ, ಮಾನ್ಯರೇ, ವಿಷಯ ಎಂದು ಬರೆದು, ವಿಷಯದ ಮುಂದೆ ಪೆನ್ನು ನಿಂತುಬಿಟ್ಟಿತು. ಅಣ್ಣನ ಹೆಸರನ್ನು ಎದುರುದಾರ ಎಂಬ ಪದದ ಮುಂದೆ ಬರೆಯಬೇಕಿತ್ತು.

ನನಗೆ ಚುಡಾಯಿಸುವ ಚಪಲ. ಅಲ್ಲಿಯವರಿಗೆ ಏನು ಉದ್ದೇಶ ಬರೆದಿರೋ ಇಲ್ಲೂ ಅದನ್ನೇ ಬರೆಯಿರಿ, ಪಾಸಾಗುವ ಅರ್ಜಿ ಅದು ಎಂದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಹಳ್ಳಿಗೆ ಹೊರಟೆವು. ಬಿದಿರು ಗಳದ ಮುಂದೆ ಕಾರು ನಿಲ್ಲಿಸಿದರು. ಭಾವ ಆ ಕಡೆ ಹಸುವಿಗೆ ಹುಲ್ಲು ಹಾಕುತ್ತಿದ್ದರು, ಕೋಲು ಮೇವಿನ ಗೊಂತಿಗೆ ಒರಗಿತ್ತು. ನಮ್ಮವರು ಇಳಿದು ಹೋಗಿ ಗಳದ ಈ ಕಡೆ ನಿಂತರು. ನಿಂತೇ ಇದ್ದರು. ಭಾವ ಇನ್ನೊಂದು ಹಿಡಿ ಹುಲ್ಲು ಹಾಕಿದರು. ಕೊನೆಗೆ ನಮ್ಮವರು ಜೇಬಿಗೆ ಕೈ ಹಾಕಿ ಪರ್ಮಿಟ್ ತೆಗೆದು, ಗಳದ ಮೇಲಿಂದ ಚಾಚಿದರು. ಕಿಟಕಿಯ ಈ ಕಡೆ ನಿಲ್ಲುವುದು ಅವರಿಗೆ ಅಷ್ಟು ಹೊತ್ತಿಗೆ ಸ್ವಲ್ಪ ಅಭ್ಯಾಸವಾಗಿತ್ತು.

ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ನೋಡಿದರು. ನಾನು ಹೋಗಿ ಕನ್ನಡದಲ್ಲಿ ಓದಿ ಹೇಳಿದೆ. ಅರ್ಜಿ, ಪ್ರಶ್ನೆಗಳು, ವಿಷಯ ಯಾವುದು, ರೆಕಾರ್ಡ್ ಮಾಡುತ್ತೀರಾ, ಎಲ್ಲ ಹೇಳಿದೆ. ಅವರ ಮೀಸೆಯ ಕೆಳಗೆ ಸ್ವಲ್ಪ ನಗು ಬಂದು ಹೋಯಿತು.

"ಆ ಜನ ನಿಂಗೆ ಗೊತ್ತಿರೋರಾ?" ಎಂದು ತಮ್ಮನನ್ನು ಕೇಳಿದರು.

"ಇಲ್ಲ ಕಣಣ್ಣ."

"ಗೊತ್ತಿಲ್ದೋರ್ನ ಕೇಳಾಕೆ ಬಾಯಿ ಬತ್ತು."

ನಮ್ಮವರು ಗಳದ ಮೇಲೆ ಎರಡೂ ಕೈ ಇಟ್ಟುಕೊಂಡರು. "ದಾರಿ ಕೇಳಾಕ್ ಬಂದಿಲ್ಲ ಕಣಣ್ಣ. ನಿನ್ನ ಮಾತಾಡ್ಸಾನ ಅಂತ ಬಂದೆ." ಅರ್ಧ ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಆದರೆ ಉಳಿದರ್ಧ ಸುಳ್ಳಾಗಿರಲಿಲ್ಲ.

ಭಾವ ಹುಲ್ಲಿನ ಹೊರೆಯ ಮೇಲೆ ಕೂತರು. "ಓದ್ವರ್ಸ ನಾನು ಕಾಲು ಮುರ್ಕೊಂಡು ಎರಡ್ ತಿಂಗ್ಳು ಇದೇ ಜಗ್ಲಿ ಮ್ಯಾಲ್ ಮನ್ಗಿದ್ದೆ. ನಿನ್ ಜ್ವಾಳದ ಟ್ಯಾಕ್ಟ್ರು ನನ್ ಕಣ್ ಮುಂದೇನೇ ಓಡಾಡ್ತು. ನೀನು ಅದ್ರ ಮ್ಯಾಲೇ ಕುಂತಿದ್ದೆ ಕಣ್ಲಾ. ಒಂದ್ ದಪ ಇಳೀನಿಲ್ಲ." ಇಷ್ಟು ಹೇಳಿ ಪರ್ಮಿಟ್ಟನ್ನು ಪಂಚೆಯಲ್ಲಿ ಒರೆಸಿ ವಾಪಸ್ ಕೊಟ್ಟರು.

ಭಾವ ಕಾಲು ಮುರಿದುಕೊಂಡದ್ದು ನಮಗೆ ಗೊತ್ತಿರಲಿಲ್ಲ ಎಂದು ಬರೆಯಲು ನನಗೂ ಆಸೆ ಇದೆ. ಗೊತ್ತಿತ್ತು. ಕಟ್ಟೆಯ ಮೇಲೆ ಜಾರಿ ಬಿದ್ದರಂತೆ ಎಂದು ಫೋನ್ ಬಂದಿತ್ತು. ಜೋಳದ ಕೆಲಸ ಮುಗಿಯಲಿ, ಬಿಡುವಾಗಿ ಹೋಗಿ ನೋಡಿಕೊಂಡು ಬರೋಣ ಎಂದು ಮಾತಾಡಿಕೊಂಡಿದ್ದೆವು. ಜೋಳ ಮುಗಿಯುವ ಹೊತ್ತಿಗೆ ಅವರು ಎದ್ದು ಓಡಾಡುತ್ತಿದ್ದರು, ನಾವು ಮರೆತೆವು. ಇಷ್ಟು ಹೊತ್ತೂ ಯಜಮಾನರನ್ನು ಆಡಿಕೊಂಡು ಬಂದೆನಲ್ಲ, ಆ ಟ್ರ್ಯಾಕ್ಟರಿನ ಹಿಂದೆ ಕಾರಿನಲ್ಲಿ ಕೂತಿದ್ದವಳು ನಾನು. ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದವರನ್ನು ನೋಡಿದ್ದೆ. ಧೂಳು ಬರುತ್ತದೆಂದು ಕಿಟಕಿಯ ಗಾಜು ಏರಿಸಿದ್ದೆ. ಮಾತಾಡಿಸುವುದು ಎಂದರೇನು ಎಂದು ಪರದೇಶದವರಿಗೆ ಒಂದು ಪುಟ ಬರೆದವಳು ನಾನೇ.

ಬಿದಿರು ಗಳವನ್ನು ಭಾವ ಅವತ್ತೇ ಬಿಚ್ಚಲಿಲ್ಲ. ಕಾಫಿ ಕುಡಿದು ಹೋಗಿ ಎಂದರು, ಗಳದ ಕೆಳಗೆ ಬಗ್ಗಿ ನುಸುಳಿ ಹೋಗಿ ಕುಡಿದೆವು. ಭಾವನ ಹೆಂಡತಿ, ನನ್ನ ಓರಗಿತ್ತಿ, ಲೋಟ ಇಟ್ಟು ಒಳಗೆ ಹೋದರು. ಮರುವಾರ ಶುಂಠಿ ಕೀಳುವ ಆಳುಗಳು ಬಂದ ಬೆಳಿಗ್ಗೆ ನೋಡಿದರೆ ಗಳ ಬೇಲಿಗೆ ಒರಗಿತ್ತು, ಮುಳ್ಳು ಒಂದು ಕಡೆ ಸರಿದಿತ್ತು. ಎರಡು ದಿನದಲ್ಲಿ ಮುಗಿಯಬೇಕಾದ ಸಾಗಣೆ ನಾಲ್ಕು ದಿನ ಹಿಡಿಯಿತು. ಪ್ರತಿ ಸುತ್ತಿಗೂ ನಮ್ಮವರು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಜಗಲಿಗೆ ಹೋಗುತ್ತಿದ್ದರು. ನಾಲ್ಕನೆಯ ಸುತ್ತಿಗೆ ಭಾವನೇ, "ಸಾಕು ಬುಡ್ಲಾ, ಸುಂಟಿ ಒಣ್ಗೋಯ್ತದೆ" ಎಂದು ಬೈದರಂತೆ. ಆದರೂ ಇಳಿಯುವುದನ್ನು ಬಿಡಲಿಲ್ಲ.

ಕೊನೆಯ ದಿನ ನಾನು ಕಾರಿನಲ್ಲಿ ಹಿಂದೆ ಬರುತ್ತಿದ್ದೆ. ಟ್ರ್ಯಾಕ್ಟರಿನ ಧೂಳು ಇನ್ನೂ ಗಾಳಿಯಲ್ಲಿತ್ತು. ಜಗಲಿಯ ಮುಂದೆ ಕಾರು ನಿಲ್ಲಿಸಿ ಇಳಿದು ಹೋದೆ. ಭಾವ ಕೋಲನ್ನು ಪಕ್ಕಕ್ಕಿಟ್ಟುಕೊಂಡು ತೆಂಗಿನ ಗರಿ ಸೀಳುತ್ತಿದ್ದರು. ತಲೆಯೆತ್ತದೆಯೇ, ಏನು ಉದ್ದೇಶ ಎಂದು ಕೇಳಿದರು.

ಮಾತಾಡಿಸಲು ಬಂದೆ ಎಂದೆ.

"ಯಾವ್ ಇಸ್ಯ? ರೆಕಾರ್ಡ್ ಮಾಡ್ಕತೀಯೇನವ್ವ?"

ನಗಬೇಕೆಂದುಕೊಂಡೆ, ಆಗಲಿಲ್ಲ. "ಕಾಲು ಹೇಗಿದೆ ಭಾವ?" ಎಂದು ಕೇಳಿದೆ.

ಅವರು ಸೀಳುತ್ತಿದ್ದ ಗರಿಯನ್ನು ಕೆಳಗಿಟ್ಟರು. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡರು.

"ಈಗ ವಾಸಿ ಕಣವ್ವ," ಎಂದರು. "ಓದ್ವರ್ಸ ಬೋ ನ್ವಾವಿತ್ತು."